ರೆಕ್ಕೆಗೆ ಹಚ್ಚಿದ ಕುಂಕುಮ

ಪ್ರತಿಯೊಬ್ಬ ಗಂಡಸಿಗೂ ಒಂದೊಂದು ಚಟವನ್ನು ದೇವರು ಹಣೆಯಲ್ಲಿ ಬರೆದೇ ಕಳಿಸುತ್ತಾನೆಂದು ನನ್ನ ನಂಬಿಕೆ. ಒಬ್ಬರಿಗೆ ಇಸ್ಪೀಟು, ಒಬ್ಬರಿಗೆ ಕುದುರೆ, ಒಬ್ಬರಿಗೆ ನಶ್ಯ, ಕೆಲವರಿಗೆ ಊರ ಮಂದಿಗೆಲ್ಲ ಬುದ್ಧಿ ಹೇಳುವುದು. ನಮ್ಮವರಿಗೆ ಯುದ್ಧವಿಮಾನ. ಹಾಗೆಂದ ಕೂಡಲೇ ಚರ್ಮದ ಟೊಪ್ಪಿಗೆ ಹಾಕಿಕೊಂಡ ಮೀಸೆಯ ವೀರನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಅವರು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಘಾಟ್ಕೋಪರಿನ ನಮ್ಮ ಚಾಳಿನಿಂದ ಬೆಳಗಿನ ಲೋಕಲ್ ರೈಲು ಹಿಡಿದು ಹೋಗುತ್ತಾರೆ, ಸಂಜೆಯ ಲೋಕಲ್ ಹಿಡಿದು ಬರುತ್ತಾರೆ. ಬಸ್ಸಿನ ಮೇಲಂತಸ್ತಿನಲ್ಲಿ ಕೂತರೂ ತಲೆ ಸುತ್ತುತ್ತದೆ ಎನ್ನುವ ಜಾಯಮಾನ. ರವಿವಾರ ಬಂತೆಂದರೆ ಮಾತ್ರ ಹಳೆಯ ಚಹದ ಪೆಟ್ಟಿಗೆಯ ಹಲಗೆ, ಚಾಕು, ಉಸುಕಿನ ಕಾಗದ ಇವನ್ನೆಲ್ಲ ಹರಡಿಕೊಂಡು ಕಿಡಕಿಯ ಕೆಳಗೆ ಕೂತುಬಿಡುತ್ತಾರೆ. ನಿಜವಾದ ವಿಮಾನದಲ್ಲಿ ಇಪ್ಪತ್ತನಾಲ್ಕು ಇಂಚು ಇದ್ದದ್ದು ಇವರ ವಿಮಾನದಲ್ಲಿ ಸರಿಯಾಗಿ ಒಂದು ಇಂಚು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗಕೂಡದು.

ಲಗ್ನವಾದ ಹೊಸತರಲ್ಲಿ ಇದನ್ನು ಕೇಳಿ ನಾನು, “ಅಷ್ಟು ಸಣ್ಣದು ಮಾಡೋದಿದ್ರ ಮಾಡೋದರೆ ಯಾಕ್ರಿ?” ಎಂದಿದ್ದೆ.

“ದೊಡ್ಡದು ಮಾಡಿದ್ರ ನಿನ್ನ ಎಲ್ಲೆ ಇಡ್ಲಿ?” ಎಂದಿದ್ದರು.

ಅದೂ ಖರೆಯೇ. ಒಂದೇ ಖೋಲಿ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ದೇವರು, ಒಂದು ಮೂಲೆಯಲ್ಲಿ ಮಂಚ, ಉಳಿದ ಮೂಲೆಯಲ್ಲಿ ಬ್ರಿಟನ್ನಿನ ವಾಯುಸೇನೆ. ಕಟ್ಟಿಗೆಯ ಪುಡಿ ಹುಳಿಗೆ ಬೀಳುತ್ತದೆ, ಹಪ್ಪಳಕ್ಕೆ ಅಂಟುತ್ತದೆ, ನನ್ನ ಹೆರಳಿನಲ್ಲಿ ಕೂರುತ್ತದೆ. ಪಕ್ಕದ ಖೋಲಿಯ ತಾರಾಬಾಯಿ ಮಿರಜಿನವಳು, ಕನ್ನಡ ಮರಾಠಿ ಎರಡನ್ನೂ ಒಂದೇ ಒಗ್ಗರಣೆಯಲ್ಲಿ ಹಾಕುವವಳು. ಅವಳು ರವಿವಾರಕ್ಕೊಮ್ಮೆ ಬಾಗಿಲಲ್ಲಿ ಇಣುಕಿ, “ಕಾಯ್ ವಹಿನಿ, ಇವತ್ತ ಯಾವ ಊರ ಮ್ಯಾಲ ಬಾಂಬು?” ಎಂದು ವಿಚಾರಿಸಿಯೇ ಹೋಗುತ್ತಾಳೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ದೀಪ ಹಚ್ಚುವಾಗ ದೇವರು ಆ ದಿನ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ನಳದಲ್ಲಿ ನೀರು ಹೊತ್ತಿಗೆ ಬಂತು. ಹಾಲು ಒಡೆಯಲಿಲ್ಲ. ನಮ್ಮವರ ವಿಮಾನಕ್ಕೆ ಸದ್ದಿಲ್ಲ. ತಾರಾಬಾಯಿಯ ಯಜಮಾನರು ತಬಲಾ ಕಲಿಯುತ್ತಿದ್ದಾರೆ. ಅದನ್ನು ನೆನೆದರೆ ನನ್ನ ಉಪಕಾರದ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ.

ಮತ್ತೆ, ಸುಳ್ಳು ಯಾಕೆ ಹೇಳಲಿ, ಮಧ್ಯಾಹ್ನದ ಹೊತ್ತು ಆ ವಿಮಾನಗಳು ನನಗೂ ಜೊತೆಯೇ. ಸೂರಿನ ಕೊಂಡಿಗೆ ಕರಿಯ ನೂಲಿನಲ್ಲಿ ಅವನ್ನು ತೂಗಹಾಕಿರುತ್ತಾರೆ. ಚಾಳೆಲ್ಲ ಉಂಡು ಮಲಗಿದ ಮೇಲೆ ಸಮುದ್ರ ಒಳನುಗ್ಗಿದ ಖಾಡಿಯ ಕಡೆಯಿಂದ ಉಪ್ಪು ವಾಸನೆಯ ಗಾಳಿ ಬರುತ್ತದೆ. ಆಗ ಅವು ತಮ್ಮಷ್ಟಕ್ಕೆ ತಾವು ಮೆಲ್ಲಗೆ ತಿರುಗತೊಡಗುತ್ತವೆ. ನಾನು ಮೊರದಲ್ಲಿ ಅಕ್ಕಿ ಹರವಿಕೊಂಡು ಹರಳು ಆರಿಸುತ್ತಿರುತ್ತೇನೆ. ವಿಮಾನದ ನೆರಳು ಅಕ್ಕಿಯ ಮೇಲೆ ಹಾದುಹೋಗುತ್ತದೆ, ಹೋಗಿ ಮತ್ತೆ ಬರುತ್ತದೆ. ನೋಡುತ್ತ ನೋಡುತ್ತ ಕೂತಲ್ಲೇ ನಾನು ಹಗುರಾಗುತ್ತೇನೆ. ಮೊರ ಕೆಳಗೆ ಎಲ್ಲಿಯೋ ದೂರ ಇಳಿಯುತ್ತದೆ. ಅಕ್ಕಿ ಈಗ ಅಕ್ಕಿಯಲ್ಲ, ಮುಲುಂಡಿಗೆ ಹೋಗುವಾಗ ಲೋಕಲ್ಲಿನಿಂದ ಕಾಣುವ ಉಪ್ಪಿನ ಗದ್ದೆಗಳು, ಬಿಳಿಯ ಗುಡ್ಡೆ ಗುಡ್ಡೆ. ಕರಿಯ ಹರಳುಗಳು ಅಲ್ಲಿ ಕೆಲಸ ಮಾಡುವ ಮಂದಿ. ನಾನು ಯಾರಿಗೂ ಏನೂ ಮಾಡದೆ, ಯಾವ ಊರ ಮೇಲೂ ಏನೂ ಬೀಳಿಸದೆ, ಸೆರಗು ಸಿಕ್ಕಿಸಿಕೊಂಡು ಸುಮ್ಮನೆ ಸುತ್ತು ಹಾಕುತ್ತಿರುತ್ತೇನೆ. ಹೀಗೆ ಹಾರಿದ ದಿನ ಅನ್ನದಲ್ಲಿ ಹರಳು ಸಿಕ್ಕೇ ಸಿಗುತ್ತದೆ. ನಮ್ಮವರು ಹಲ್ಲು ಹಿಡಿದುಕೊಂಡು ನನ್ನ ಮುಖ ನೋಡುತ್ತಾರೆ. ನಾನು ಅವರ ವಿಮಾನದ ಮುಖ ನೋಡುತ್ತೇನೆ.

ಇರಲಿ, ಹೇಳಹೊರಟದ್ದು ಸ್ಪಿಟ್‌ಫೈರ್ ಎಂಬ ಒಂದು ವಿಮಾನದ ಸಂಗತಿ. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ಮಾಸಿಕದ ಎರಡು ಚಿತ್ರ ನೋಡಿಕೊಂಡು ನಮ್ಮವರು ಎರಡು ಮಳೆಗಾಲ ಅದನ್ನು ಕೆತ್ತಿದರು. ಯುದ್ಧದ ಕಾಲಕ್ಕೆ ಬರ್ಮಾದಲ್ಲಿ ನಮ್ಮ ಹುಡುಗರೇ ಕೂತು ಹಾರಿಸಿದ ವಿಮಾನವಂತೆ. ಮೊಳದುದ್ದದ ರೆಕ್ಕೆ, ಬೇವಿನೆಲೆಯ ಹಾಗೆ ತುದಿ ಬಾಗಿದ್ದು. ಕೆತ್ತಿ, ಉಜ್ಜಿ, ಬಣ್ಣ ಬಳಿದು ಮುಗಿಸುವ ಹೊತ್ತಿಗೆ ಅವರ ಕಚೇರಿಗೆ ಸಾಳ್ವೆ ಸಾಹೇಬರೆಂಬ ಹೊಸ ಮೇಲಧಿಕಾರಿ ಬಂದರು. ಬೆಳಗಾವಿ ಕಡೆಯವರು. ಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಇವೇ ವಿಮಾನಗಳ ರಿಪೇರಿ ಕೆಲಸ ಮಾಡಿ ಬಂದವರು. ನಮ್ಮವರು ಹೇಗೋ ಧೈರ್ಯ ಮಾಡಿ ಬಾಯಿ ಬಿಟ್ಟರಂತೆ. ಸಾಹೇಬರು, “ದಸರಾಕ್ಕ ಬನ್ನಿ ಕೊಡಾಕ ನಿಮ್ಮ ಮನೀಗೇ ಬರ್ತೀನಿ, ಆವಾಗ ನೋಡೋಣು. ಖರೇ ಇದ್ರ ಖರೇ ಅಂತೀನಿ, ಇಲ್ಲಾಂದ್ರ ಆಟಿಗಿ ಸಾಮಾನು ಅಂತೀನಿ. ಸಿಟ್ಟಾಗಬಾರದು” ಎಂದರಂತೆ.

ಆ ದಿನದಿಂದ ನಮ್ಮವರಿಗೆ ಊಟ ಸೇರದು. ಅದರ ಹಿಂದಿನ ಕಾರಣ ನನಗೆ ಗೊತ್ತಿತ್ತು. ಗೊತ್ತಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಧಾರವಾಡದಲ್ಲಿದ್ದಾಗ ನಮ್ಮ ಅತ್ತೆಯವರು ಒಮ್ಮೆ ಸೊಪ್ಪು ಸೋಸುತ್ತ ಹೇಳಿದ್ದರು. ಹುಡುಗನಾಗಿದ್ದಾಗ ಇವರು ಮನೆಯಲ್ಲಿ ಹೇಳದೆ ಕೇಳದೆ ವಾಯುಸೇನೆ ಸೇರಲು ಹೋಗಿದ್ದರಂತೆ. ಡಾಕ್ಟರರು ದೂರದಲ್ಲಿ ಒಂದು ಹಲಗೆ ಹಿಡಿದು ಅಕ್ಷರ ಓದು ಎಂದರಂತೆ. ನಾಲ್ಕನೇ ಸಾಲು ಓದಲಾಗಲಿಲ್ಲ. ಮನೆಗೆ ಬಂದು ಎರಡು ದಿವಸ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಂತೆ. ನಿಜವಾದ ವಿಮಾನ ಮುಟ್ಟಿದ ಕೈಯೊಂದು ತಮ್ಮ ವಿಮಾನವನ್ನು ಮುಟ್ಟಿ ‘ಖರೇ’ ಎನ್ನಬೇಕು. ಇಷ್ಟೇ ಆ ಮನುಷ್ಯನಿಗೆ ಬೇಕಾಗಿದ್ದದ್ದು.

ದಸರೆಯ ಹಿಂದಿನ ದಿನ ನಮ್ಮಲ್ಲಿ ಖಂಡೇ ಪೂಜೆ. ಮನೆಯಲ್ಲಿರುವ ಆಯುಧಗಳನ್ನೆಲ್ಲ ತೊಳೆದು, ಒರೆಸಿ, ಕುಂಕುಮ ಹಚ್ಚಿ, ಹೂವು ಏರಿಸುವುದು. ನಮ್ಮವರು ಚೆಂಡುಹೂ ತರಲು ಸ್ಟೇಷನ್ ಕಡೆಯ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಈಳಿಗೆಮಣೆ, ಕತ್ತರಿ, ಅಡಕೊತ್ತು, ಅವರ ಚಾಕು, ಪುಟ್ಟ ಗರಗಸ ಎಲ್ಲ ಸಾಲಾಗಿ ಇಟ್ಟೆ. ಇಟ್ಟು ತಲೆಯೆತ್ತಿದರೆ ಕೊಂಡಿಯಲ್ಲಿ ಸ್ಪಿಟ್‌ಫೈರ್ ತಿರುಗುತ್ತ ನನ್ನನ್ನೇ ನೋಡುತ್ತಿದೆ. ಬದನೆಕಾಯಿ ಹೆಚ್ಚುವ ಈಳಿಗೆಗೆ ಪೂಜೆ, ನಿಜವಾದ ಯುದ್ಧ ಮಾಡಿದ ಆಯುಧಕ್ಕೆ ಇಲ್ಲವೆಂದರೆ ನಮ್ಮ ಮನೆದೇವರು ಬನಶಂಕರಿ ಏನಂದುಕೊಂಡಾಳು? ಅದೂ ನಾಳೆ ಅದರ ಪರೀಕ್ಷೆ ಇರುವಾಗ!

ಮಣೆಯ ಮೇಲೆ ನಿಂತು ಇಳಿಸಿಕೊಂಡೆ. ಎರಡೂ ರೆಕ್ಕೆಯ ಮೇಲೆ ನೀಲಿಯ ದುಂಡನೆಯ ಗುರುತು, ಅದರ ನಟ್ಟನಡುವೆ ಬಿಳಿಚಿದ ಒಂದು ಬೊಟ್ಟು ಜಾಗ ಬಿಟ್ಟಿದ್ದರು. ಕುಂಕುಮಕ್ಕೆಂದೇ ಬಿಟ್ಟ ಹಾಗೆ! ಒಣ ಕುಂಕುಮ ಗಾಳಿಗೆ ಉದುರೀತೆಂದು ಒಂದು ಹನಿ ಎಣ್ಣೆಯಲ್ಲಿ ಕಲಸಿದೆ. ವಿಮಾನದ ಮರ್ಯಾದೆಗೆ ತಕ್ಕಂತೆ ಧಾರಾಳವಾಗಿ ಹಚ್ಚಿದೆ. ಒಂದು ರೆಕ್ಕೆಗೆ ಹಚ್ಚಿ ಇನ್ನೊಂದನ್ನು ಬೋಳು ಬಿಡುವುದು ಅಶುಭ, ಅದಕ್ಕೂ ಹಚ್ಚಿದೆ. ಕೈ ಮುಗಿದೆ. ಎಷ್ಟು ಲಕ್ಷಣವಾಗಿ ಕಂಡಿತೆಂದರೆ, ಇವರಿಗೆ ಇದು ತಾನಾಗಿಯೇ ಹೊಳೆಯಲಿಲ್ಲವಲ್ಲ ಎನಿಸಿತು.

ನಮ್ಮವರು ಬಂದರು. ಹೂವಿನ ಪುಡಿಕೆ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಯಾರು ಹಚ್ಚಿದ್ರು ಇದನ್ನ?”

“ನಾನು. ಮನ್ಯಾಗ ಇನ್ಯಾರು ಹಚ್ಚಬೇಕ್ರಿ?”

ಅವರು ಮಂಚದ ಮೇಲೆ ಕೂತರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ ಮೆಲ್ಲಗೆ ಹೇಳಿದರು. “ಆ ಜಾಗಾದಾಗ ಮೊದಲ ಕೆಂಪು ಬಣ್ಣನ ಇತ್ತು. ಜಪಾನಿನವರ ವಿಮಾನಕ್ಕೂ ಕೆಂಪು ಗುಂಡು. ದೂರದಿಂದ ಕೆಂಪು ಕಂಡ್ರ ಸಾಕು, ನಮ್ಮವರ ನಮ್ಮವರ ಮ್ಯಾಲ ಗುಂಡು ಹಾರಿಸೋ ಹಾಂಗ ಆತು. ಅದಕ್ಕ ಬರ್ಮಾದಾಗ ಇದ್ದ ಎಲ್ಲಾ ವಿಮಾನದ ಕೆಂಪು ಅಳಿಸಿಬಿಟ್ರು. ಅಷ್ಟೂ ಮಂದಿ ಕೂಡಿ ಅಳಿಸಿದ್ದನ್ನ ನೀ ಒಂದು ಬೆರಳಿಲೆ ಹೊಳ್ಳಿ ಹಚ್ಚೀದಿ.”

ಅರಿವೆ ತಂದು ಒರೆಸಿದರು. ಪರೀಕ್ಷೆಗೆಂದು ಹಿಂದಿನ ದಿನ ಮತ್ತೊಮ್ಮೆ ಬಳಿದ ಬಣ್ಣ ಪೂರ್ತಿ ಆರಿರಲಿಲ್ಲ. ಎಣ್ಣೆಗುಂಕುಮ ಒಳಗಿಳಿದು ಸುತ್ತಲೂ ಗುಲಾಬಿಯಾಗಿ ಹರಡಿತು. ಒಂದು ರೆಕ್ಕೆಗೇ ಸಾಕಾಯಿತು, ಇನ್ನೊಂದನ್ನು ಮುಟ್ಟಲೇ ಇಲ್ಲ. ಬಣ್ಣದ ಡಬ್ಬಿ ಬರಿದಾಗಿತ್ತು, ಹಬ್ಬಕ್ಕೆ ಬಣ್ಣದ ಅಂಗಡಿಗಳು ಮುಚ್ಚಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಇಣುಕಿದ ತಾರಾಬಾಯಿ ಗಲ್ಲಕ್ಕೆ ಕೈಯಿಟ್ಟು, “ಅಗ್ಗಬಾಯಿ! ವಿಮಾನದ್ದ ಮದವಿ ಆಗೇತಲ್ಲ ವಹಿನಿ! ಊಟ ಯಾವಾಗ?” ಎಂದಳು. ಯಾರೂ ನಗದ್ದು ನೋಡಿ ತಾನೂ ನಗು ನುಂಗಿ ಹೋದಳು.

ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಹೋಳಿಗೆ ಉಂಡರು, ಚೆನ್ನಾಗಿದೆ ಎಂದೂ ಹೇಳಿದರು. ನಾನು ನನ್ನ ಪಾಲಿನ ಹೋಳಿಗೆ ಮುಚ್ಚಿಟ್ಟೆ. ದೇವರ ಮುಂದೆ ಕೂತು, “ತಾಯಿ, ಹಚ್ಚಿದ್ದು ನಿನ್ನ ಹೆಸರಿಲೆ, ಅಳಿಸೋದು ನಿನ್ನ ಕೆಲಸ” ಎಂದು ಒಪ್ಪಿಸಿಬಿಟ್ಟೆ. ಮರುದಿನ ಎದ್ದು ನೋಡಿದರೆ, ಎಣ್ಣೆ ಹೀರಿಕೊಂಡ ಕುಂಕುಮ ಮೊದಲಿಗಿಂತ ಹೊಳೆಯುತ್ತಿತ್ತು. ತಾಯಿಗೆ ನನ್ನ ಕೈಗುಣ ಮನಸ್ಸಿಗೆ ಬಂದಿತ್ತೋ ಏನೋ!

ಸಾಳ್ವೆ ಸಾಹೇಬರು ಹೇಳಿದಂತೆ ನಾಲ್ಕು ಗಂಟೆಗೆ ಬಂದರು. ದಪ್ಪ ದೇಹ, ನರೆತ ಮೀಸೆ, ಕೈಯಲ್ಲಿ ಬನ್ನಿ ಸೊಪ್ಪು. ನಮ್ಮವರು ವಿಮಾನವನ್ನು ಸೂರಿಗೆ ತಾಗುವಂತೆ ಎತ್ತರಕ್ಕೆ ತೂಗಹಾಕಿದ್ದರು, ಕೆಳಗಿನಿಂದ ಹೊಟ್ಟೆಯಷ್ಟೇ ಕಾಣಲಿ ಎಂದು. ಸಾಹೇಬರು ಕತ್ತೆತ್ತಿ ನೋಡಿ, “ತೆಗೀರಿ ಕೆಳಗ. ಅದರ ಹೊಟ್ಟಿ ನೋಡಿ ನಾ ಏನ್ ಮಾಡ್ಲಿ? ನಾವು ಬೆನ್ನ ಮ್ಯಾಲ ಹತ್ತಿ ಕೆಲಸಾ ಮಾಡಿದವರು” ಎಂದರು.

ನಮ್ಮವರು ಇಳಿಸಿಕೊಟ್ಟರು. ಸಾಹೇಬರು ಅದನ್ನು ಕಿಡಕಿಯ ಬೆಳಕಿಗೆ ಹಿಡಿದರು. ಕೂಸನ್ನು ಹಿಡಿದಂತೆ, ಒಂದು ಅಂಗೈ ಕೆಳಗೆ, ಒಂದು ಬೆನ್ನ ಮೇಲೆ. ಹೊರಗೆ ಒಂದು ಲೋಕಲ್ ಬಂದು ನಿಂತು ಹೋಯಿತು.

“ಹೇ ಕಾಯ್? ಏನಿದು?” ಎಂದರು ಕೊನೆಗೆ, ಕೆಂಪಿನ ಮೇಲೆ ಬೆರಳಿಟ್ಟು.

“ಸಾಹೇಬರ, ಅದು... ಅಂದ್ರ...”

ನಾನು ಒಲೆಯ ಮುಂದಿದ್ದವಳು ಎದ್ದೇಬಿಟ್ಟೆ. ಗಂಡನ ಮೇಲಧಿಕಾರಿಯ ಎದುರು ಬಾಯಿ ತೆರೆದದ್ದು ಜನ್ಮದಲ್ಲಿ ಅದೇ ಮೊದಲು. “ಅದನ್ನ ನಾನ ಹಚ್ಚೀನ್ರಿ. ಖಂಡೇ ಪೂಜಿಗೆ. ಅವರು ಎಲ್ಲಾ ಸರೀನ ಮಾಡಿದ್ರು. ತಪ್ಪು ಅಂತ ಬರಕೊಳ್ಳೋದಿದ್ರ ನನ್ನ ಹೆಸರಿಗೆ ಬರಕೋರಿ.”

ಸಾಹೇಬರು ನನ್ನನ್ನು ನೋಡಿದರು, ವಿಮಾನವನ್ನು ನೋಡಿದರು. ಆಮೇಲೆ ಮಂಚದ ಮೇಲೆ ಕೂತು, ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. “ವಹಿನಿ, ಬರ್ಮಾದಾಗ ದಸರಾ ಬಂತಂದ್ರ ನಮಗ ಕುಂಕುಮ ಎಲ್ಲಿಂದ ಸಿಗಬೇಕು? ಕೆಂಪು ಬಣ್ಣದ ಪುಡೀನ ಎಣ್ಣ್ಯಾಗ ಕಲಸಿ ಹಚ್ತಿದ್ವಿ. ಹಚ್ಚಬ್ಯಾಡ್ರಿ ಅಂತ ಗೋರಾ ಸಾಹೇಬ ಬೈತಿದ್ದ. ಹಾರೂದಕ್ಕ ಮೊದಲ ಅರಿವಿಲೆ ಒರಿಸಿ ಕಳಸ್ತಿದ್ವಿ. ಎಷ್ಟು ಒರಿಸಿದ್ರೂ ಹಿಂಗ ಗುಲಾಬಿ ಉಳಿದ ಉಳೀತಿತ್ತು.” ನಮ್ಮವರು ಒರೆಸಿ ಕೆಡಿಸಿದ ರೆಕ್ಕೆಯ ಮೇಲೆ ಅವರ ಬೆರಳು ಆಡುತ್ತಿತ್ತು. “ಅದರಾಗ ಕೂತು ಹ್ವಾದ ಹುಡುಗ್ರು ಎಲ್ಲಾರೂ ಹೊಳ್ಳಿ ಬರಲಿಲ್ಲ. ಆದ್ರ ಹಚ್ಚೂದು ನಾವು ಬಿಡಲಿಲ್ಲ.”

ನಾನು ಕುದಿಯುತ್ತಿದ್ದ ಚಹ ಇಳಿಸಿ, ಸೋಸಿ, ಅವರ ಮುಂದಿಟ್ಟೆ. ಆಮೇಲೆ ಅವರು ಮೂಗು ಒರೆಸಿಕೊಂಡು ಎಂದಿನ ಸಾಹೇಬರಾದರು. “ಕೆಂಪು ಸರಿ ಐತಿ. ಉಳಿದದ್ದು ಕೇಳ್ರಿ. ಪಂಖಾಕ್ಕ ನಾಲ್ಕು ಎಲಿ ಇದ್ವು, ನೀವು ಮೂರ ಮಾಡೀರಿ. ಹಿಂದಿನ ಗಾಲಿ ಒಳಗ ಮಡಚ್ತಿತ್ತು, ನೀವು ಹೊರಗ ನಿಂದರಿಸೀರಿ. ಮೂಗು ಒಂದು ಕಾಳಿನಷ್ಟು ಗಿಡ್ಡ ಆತು.”

ನಮ್ಮವರು ಕಾಗದ ಹುಡುಕಿ ಒಂದೊಂದನ್ನೂ ಬರೆದುಕೊಂಡರು. ಬರೆದು ಮುಗಿಸಿ, ಸಣ್ಣ ದನಿಯಲ್ಲಿ ಕೇಳಿದರು. “ಹಂಗಾದ್ರ... ಆಟಿಗಿ ಸಾಮಾನು ಅಂತೀರೇನ್ರಿ?”

“ಹುಚ್ಚಪ್ಪಾ, ಆಟಿಗಿ ಸಾಮಾನದಾಗ ಯಾರರ ತಪ್ಪು ಹುಡಕ್ತಾರೇನೋ? ಪಂಖಾ ನಾಲ್ಕು ಎಲೀದು ಮಾಡು. ಮುಂದಿನ ದಸರಾಕ್ಕ ಬಂದು ಎಣಸ್ತೀನಿ.”

ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹರಸಿ ಹೊರಟುಹೋದರು. ನಾನು ಬಾಗಿಲತನಕ ಕಳಿಸಿ ಬಂದು ನೋಡಿದರೆ, ನಮ್ಮವರು ಸ್ಪಿಟ್‌ಫೈರನ್ನು ತಲೆಯ ಮೇಲೆ ಎತ್ತಿ ಹಿಡಿದು, ಮಂಚದಿಂದ ಒಲೆಯವರೆಗೆ, ಒಲೆಯಿಂದ ಕಿಡಕಿಯವರೆಗೆ ನಡೆಯುತ್ತಿದ್ದಾರೆ. ತುಟಿಯಿಂದ ಸಣ್ಣಗೆ ಬರ್‌ರ್ ಎಂಬ ಸದ್ದು. ಸಂಜೆಯ ಬಿಸಿಲು ರೆಕ್ಕೆಯ ಮೇಲೆ ಬಿದ್ದು, ಅದರ ನೆರಳು ಖೋಲಿಯ ಗೋಡೆಯ ತುಂಬ ತೇಲುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತು, ಬೇರೆ ಯಾರ ಮನೆಗೋ ಬಂದವಳ ಹಾಗೆ ಕೆಮ್ಮಿ ಒಳಗೆ ಹೋದೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಇದಾಗಿ ಎರಡು ದಸರೆ ಕಳೆದಿವೆ. ನಾಲ್ಕು ಎಲೆಯ ಪಂಖವೂ ಆಯಿತು, ಇನ್ನೂ ಎರಡು ವಿಮಾನಗಳೂ ಆದವು. ಈ ಸಲ ಖಂಡೇ ಪೂಜೆಯ ದಿನ ನಮ್ಮವರು ಮೂರನ್ನೂ ತಾವೇ ಇಳಿಸಿ ನನ್ನ ಮುಂದಿಟ್ಟು, “ಬರ್ಮಾದಾಗ ಹಚ್ತಿದ್ರಲ್ಲ, ಹಂಗ ಹಚ್ಚು” ಎಂದರು. ‘ಕೆಂಪು ಸರಿ ಐತಿ’ ಎಂಬ ಮಾತು ನನ್ನ ತಲೆಗೆ ಎಷ್ಟು ಏರಿದೆಯೆಂದರೆ, ನಾನು ಎಣ್ಣೆಯನ್ನು ಹನಿ ಎಣಿಸಿ ಹಾಕಿದೆ. ಹಚ್ಚಿದೆ. ಅರಿವೆಯ ತುದಿಯಿಂದ ಒಂದೇ ದಿಕ್ಕಿಗೆ ಒರೆಸಿದೆ. ಗುಲಾಬಿ ಹೆಚ್ಚಾಯಿತು ಎಂದು ತೆಗೆದು ಮತ್ತೆ ಹಚ್ಚಿದೆ. ಕಿಡಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಎಡಗಡೆಯದು ಜೋಳದಷ್ಟು ಕೆಳಗಿತ್ತು. ಮತ್ತೆ ತೆಗೆದೆ. ಮೂರನೆಯ ವಿಮಾನ ಮುಗಿಯುವ ಹೊತ್ತಿಗೆ ನೈವೇದ್ಯ ಆರಿ ತಣ್ಣಗಾಗಿತ್ತು.

“ಏನಽ,” ಎಂದರು ನಮ್ಮವರು, ಕೈಯಲ್ಲಿ ಚೆಂಡುಹೂ ಹಿಡಿದು ದೇವರ ಮುಂದೆ ನಿಂತು. “ಮೂರೂ ವಿಮಾನಕ್ಕ ಆತು. ಬನಶಂಕರಿಗೆ?”

ನೋಡಿದೆ. ತಾಯಿ ಬೆಳಗಿನಿಂದ ಬರಿ ಹಣೆಯಲ್ಲಿ ಕೂತಿದ್ದಳು. ನಾಲಿಗೆ ಕಚ್ಚಿಕೊಂಡು, ಗಲ್ಲ ಗಲ್ಲ ಬಡಿದುಕೊಂಡು, ಓಡಿಹೋಗಿ ಕುಂಕುಮ ಹಚ್ಚಿದೆ. ಹಚ್ಚಿದವಳು ಕೈ ಮುಗಿಯುವುದನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ಒಂದು ಕಣ್ಣು ಮುಚ್ಚಿ, ನಟ್ಟನಡುವೆ ಕೂತಿದೆಯೇ ಎಂದು ನೋಡಿದೆ.