ನನ್ನ ಬಗ್ಗೆ ನಾನೇ ಬರೆದ ಶಿಫಾರಸು ಪತ್ರ

ತನ್ನನ್ನು ತಾನು ಹೊಗಳಿಕೊಳ್ಳುವುದು ಮನುಷ್ಯನಿಗೆ ಬಹಳ ಸುಲಭದ ಕೆಲಸವೆಂದು ಐವತ್ತೆಂಟು ವರ್ಷ ನಂಬಿಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ ಅದನ್ನು ಯಾರ ನೆರವೂ ಇಲ್ಲದೆ ಮಾಡಿದ್ದೇನೆ. ಅದನ್ನೇ ಹಾಳೆಯ ಮೇಲೆ, ಬೇರೆಯವರು ಹೊಗಳಿದ ಹಾಗೆ ಬರೆಯಬೇಕಾಗಿ ಬಂದ ದಿನ ಮಾತ್ರ ಕೈ ಕಟ್ಟಿಹೋಯಿತು. ಹೇಗಾಯಿತೆಂದು ಹೇಳಿಬಿಡುತ್ತೇನೆ. ಇದರಲ್ಲಿ ನನ್ನ ಮರ್ಯಾದೆ ಹೆಚ್ಚುವಂಥದ್ದೇನೂ ಇಲ್ಲ.

ನಾನು ಕನ್ನಡದ ಮೇಷ್ಟ್ರು. ಮನೆ ನಂಜನಗೂಡಿನಲ್ಲಿ, ಕಾಲೇಜು ತಿ. ನರಸೀಪುರದಲ್ಲಿ, ಉಳಿದ ಆಯುಷ್ಯ ಇವೆರಡರ ನಡುವಿನ ಬಸ್ಸಿನಲ್ಲಿ. ಕಪಿಲೆ, ಕಾವೇರಿಗಳಲ್ಲಿ ಹರಿಗೋಲು ಹಾಕುತ್ತಿದ್ದವರ ಹಾಡು, ಮಾತು, ನೀರಿನ ಲೆಕ್ಕಾಚಾರಗಳನ್ನೆಲ್ಲ ಇಪ್ಪತ್ತೈದು ವರ್ಷದಿಂದ ಬರೆದಿಟ್ಟುಕೊಂಡಿದ್ದೇನೆ. ನಲವತ್ತು ಮಂದಿ ಅಂಬಿಗರ ಹೆಸರು, ಅವರ ಅಪ್ಪಂದಿರ ಹೆಸರು, ಊರು, ಎಲ್ಲ ಒಂದು ಟ್ರಂಕಿನಲ್ಲಿವೆ. ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ಟ್ರಂಕಿನಲ್ಲಿರುವುದು ಪುಸ್ತಕವಾಗದಿದ್ದರೆ ಅವರ ಮಾತುಗಳೂ ಇರುವುದಿಲ್ಲ ಎಂಬ ಭಯ ನನಗೆ ನಿಜವಾಗಿಯೂ ಇದೆ. ಆದರೆ ಬರೆಯಲು ಕೂತರೆ ನೆಂಟರು ಬರುತ್ತಾರೆ. ನಮ್ಮ ಮನೆ ಇರುವುದು ದೇವಸ್ಥಾನದ ದಾರಿಯಲ್ಲಿ. ದರ್ಶನಕ್ಕೆ ಬಂದವರು ಬ್ಯಾಗು, ಚಪ್ಪಲಿ, ಮಂಡಿನೋವಿನ ಅತ್ತೆ, ಈ ಮೂರನ್ನೂ ನಮ್ಮ ಜಗುಲಿಯಲ್ಲಿ ಬಿಟ್ಟು ಹೋಗುತ್ತಾರೆ. ಸೋಮವಾರ ಶಿವನ ವಾರ, ಅಂದು ನಾನು ಪೆನ್ನು ಮುಟ್ಟುವುದೇ ಇಲ್ಲ.

ಹೀಗಿರುವಾಗ ವಿದೇಶದ ಒಂದು ಫೆಲೋಶಿಪ್ಪಿನ ಸುದ್ದಿ ಕಣ್ಣಿಗೆ ಬಿತ್ತು. ವಿದ್ವಾಂಸರು, ಲೇಖಕರು, ಸಂಗೀತ ರಚಿಸುವವರು, ಯಾರು ಬೇಕಾದರೂ ಅರ್ಜಿ ಹಾಕಬಹುದು. ಸರೋವರದ ದಡದಲ್ಲಿ ಮನೆ, ಮೂರು ತಿಂಗಳು ವಾಸ, ಬಾಗಿಲು ಇರುವ ಕೋಣೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಬಳಿ ಇಟ್ಟು, ಮಾತಾಡಿಸದೆ ಹೋಗುತ್ತಾರಂತೆ. ಈ ಸಾಲನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಅವಳು ತಗಡೂರಿನ ಕಡೆಯವಳು, ಯಾವುದಕ್ಕೂ ಬೆರಗಾಗುವುದಿಲ್ಲ.

“ಊಟ ಮಡಗ್ಬುಟ್ಟು ಮಾತಾಡ್ದೆ ಓಗೋದು ನಮ್ ಕಡೆ ಜಗಳ ಆಡ್ದಾಗ ಕಣ್ರೀ,” ಅಂದಳು. ಆಮೇಲೆ ಅವರೆಕಾಯಿ ಬಿಡಿಸುತ್ತಲೇ, “ಒಳೆ ಇಲ್ಲೇ ಅದೆ. ಒಳೆ ಬಗ್ಗೆ ಬರೆಯಕ್ಕೆ ಅಷ್ಟು ದೂರ ಯಾಕೆ ಓಗ್ಬೇಕು?” ಎಂದು ಕೇಳಿದಳು.

ಅರ್ಜಿಯಲ್ಲೂ ಇದೇ ಪ್ರಶ್ನೆಯಿತ್ತು. ಅಲ್ಲಿ ಇಂಗ್ಲಿಷಿನಲ್ಲಿತ್ತಾದ್ದರಿಂದ ಒಂದೂವರೆ ಪುಟ ಉತ್ತರ ಬರೆದೆ. ಇವಳು ಕೇಳಿದ್ದು ಕನ್ನಡದಲ್ಲಿ, ನಾನೂ ಅವರೆಕಾಯಿ ಬಿಡಿಸಲು ಕೂತೆ.

ಅರ್ಜಿಯ ಜೊತೆಗೆ, ನನ್ನ ಕೆಲಸ ಬಲ್ಲವರೊಬ್ಬರ ಶಿಫಾರಸು ಪತ್ರ ಬೇಕಿತ್ತು. ನೆನಪಾದವಳು ಮಹದೇವಿ. ದೇವನೂರಿನ ಹುಡುಗಿ, ಒಂದು ಕಾಲದ ನನ್ನ ವಿದ್ಯಾರ್ಥಿನಿ, ಈಗ ಉತ್ತರ ಭಾರತದ ಯಾವುದೋ ವಿಶ್ವವಿದ್ಯಾಲಯದಲ್ಲಿ ದೊಡ್ಡ ಪ್ರೊಫೆಸರು. ಫೋನು ಮಾಡಿದೆ. ಬಹಳ ಸಂತೋಷಪಟ್ಟಳು. “ನೀವೇ ಬರ್ದು ಕಳ್ಸಿ ಸಾ, ನಾನು ಸೈನ್ ಹಾಕ್ತೀನಿ,” ಅಂದಳು.

ನನಗೆ ಬೇಸರವಾಗಲಿಲ್ಲ. ನಮ್ಮಲ್ಲಿ ಇದು ರೂಢಿ. ಪತ್ರ ಕೇಳಿಕೊಂಡು ಬಂದ ಎಷ್ಟೋ ಮಕ್ಕಳಿಗೆ ನಾನೂ ಹೀಗೇ ಹೇಳಿದ್ದೇನೆ. ಬರೆಯಲು ಕೂತೆ. ‘ಅಪರೂಪದ ವಿದ್ವಾಂಸರು’ ಎಂದು ಬರೆದು, ಒಬ್ಬನೇ ಇದ್ದರೂ ನಾಚಿಕೆಯಾಗಿ ಹೊಡೆದುಹಾಕಿದೆ. ‘ವಿದ್ವಾಂಸರು’ ಎಂದಷ್ಟೇ ಉಳಿಸಿದೆ, ಅದೂ ಜಾಸ್ತಿಯಾಯಿತೆನ್ನಿಸಿತು. ಮೂರು ದಿನ ಹೀಗೆ ಹೊಡೆದು ತಿದ್ದಿ ಕೊನೆಗೆ ಉಳಿದದ್ದು ಇಷ್ಟು: ‘ಇವರು ಶ್ರಮಜೀವಿ, ಸಮಯಕ್ಕೆ ಸರಿಯಾಗಿ ಬರುವವರು. ನನಗೆ ತಿಳಿದಮಟ್ಟಿಗೆ ಇವರ ಗುಣನಡತೆ ತೃಪ್ತಿಕರವಾಗಿದೆ.’ ಇಂಗ್ಲಿಷು ಮಾಡಿ ಕಳಿಸಿದೆ.

ಮಾರನೆಯ ದಿನ ಮಹದೇವಿ ಫೋನು ಮಾಡಿದಳು. “ಸಾ, ಈ ಪತ್ರ ನಂಗೆ ಗೊತ್ತು,” ಅಂದಳು.

“ಅಂದ್ರೆ?”

“ಡಿಗ್ರಿ ಮುಗ್ದಾಗ ಸ್ಕಾಲರ್‌ಶಿಪ್ಪಿಗೆ ನಿಮ್ಮತ್ರ ಲೆಟರ್ ಕೇಳ್ದೆ. ನೀನೇ ಬರ್ಕೊಂಡು ಬಾಮ್ಮ ಅಂದ್ರಿ. ನನ್ ಬಗ್ಗೆ ನಾನೇ ಏನು ಬರ್ಕೊಳ್ಳಿ ಸಾ? ಆಫೀಸಲ್ಲಿದ್ದ ನಡತೆ ಸರ್ಟಿಫಿಕೇಟ್ ನೋಡ್ಕೊಂಡು ಇದೇ ಸಾಲು ಬರ್ದೆ. ನೀವು ಓದ್ದೆ ಸೈನ್ ಹಾಕುದ್ರಿ.”

“ಸ್ಕಾಲರ್‌ಶಿಪ್ ಬಂತಲ್ಲಮ್ಮ?”

“ಇಲ್ಲ ಸಾ. ಆ ವರ್ಷ ಮನೇಲಿದ್ದು ರೇಷ್ಮೆ ಉಳಕ್ಕೆ ಸೊಪ್ಪು ಹಾಕ್ದೆ. ಮುಂದಿನ್ ವರ್ಷ ಬೇರೆಯೋರತ್ರ ಕೇಳ್ದೆ.”

ಸಿಟ್ಟಿನಿಂದ ಹೇಳಲಿಲ್ಲ, ಬಸ್ಸು ತಪ್ಪಿಹೋದ ಸಂಗತಿ ಹೇಳುವ ಹಾಗೆ ಹೇಳಿದಳು. ಒಂದು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೊನೆಗೆ ಅವಳೇ, “ಬುಡಿ ಸಾ, ನಿಮ್ ಪತ್ರ ನಾನೇ ಬರೀತೀನಿ,” ಎಂದು ಫೋನಿಟ್ಟಳು.

ಮೂರು ಪುಟ ಬರೆದಳು. ಅಲ್ಲಿಗೆ ಕಳಿಸಿ ನನಗೂ ಒಂದು ಪ್ರತಿ ಕಳಿಸಿದಳು. ನಾನು ಮರೆತೇಬಿಟ್ಟಿದ್ದ ಒಂದು ಮಧ್ಯಾಹ್ನ ಅದರಲ್ಲಿತ್ತು. ತರಗತಿಯನ್ನೆಲ್ಲ ಸಂಗಮದ ದಡಕ್ಕೆ ಕರೆದುಕೊಂಡು ಹೋಗಿ, ಒಬ್ಬ ಮುದುಕ ಅಂಬಿಗನ ಎದುರು ನಾನು ಮರಳಿನ ಮೇಲೆ ಕೂತು, ಅವನು ಹೇಳಿದ್ದನ್ನೆಲ್ಲ ವಿದ್ಯಾರ್ಥಿಯ ಹಾಗೆ ಬರೆದುಕೊಂಡೆನಂತೆ. ‘ಇನ್ನೊಬ್ಬರ ಮಾತನ್ನು ಹೇಗೆ ಕೇಳಬೇಕೆಂದು ನಾನು ಕಲಿತದ್ದು ಅಂದು,’ ಎಂದು ಬರೆದಿದ್ದಳು. ಓದಿ ಕಣ್ಣು ತುಂಬಿತು. ಹೆಂಡತಿಗೂ ಓದಿ ಹೇಳಿದೆ. “ಇದು ನೀವೇನಾ?” ಎಂದು ಕೇಳಿದಳು.

ಫೆಲೋಶಿಪ್ ಸಿಗಲಿಲ್ಲ. ಯೋಗ್ಯರ ಅರ್ಜಿಗಳು ಬಹಳ ಬಂದಿದ್ದವು, ತಮಗೆ ಶುಭವಾಗಲಿ ಎಂದು ಉತ್ತರ ಬಂತು. ಯಾರ ಹೆಸರು ಹಾಕಿದರೂ ಒಪ್ಪುವಂಥ ಪತ್ರ, ಕೆಳಗೊಂದು ಸಹಿ. ಅಂಥ ಪತ್ರಗಳನ್ನು ಕೊಟ್ಟೇ ಕೂದಲು ನರೆತ ನನಗೆ ದೂರುವ ಬಾಯಿರಲಿಲ್ಲ. ಟ್ರಂಕು ಮಂಚದ ಕೆಳಗೇ ಇದೆ. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಅರ್ಧ ಪುಟ ಬರೆಯುತ್ತಿದ್ದೇನೆ.

ಮೊನ್ನೆ ಫೈನಲ್ ಇಯರಿನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. “ಸಾ, ಸ್ಕಾಲರ್‌ಶಿಪ್ಪಿಗೆ ಲೆಟರ್ ಬೇಕಿತ್ತು. ನಾನೇ ಬರ್ಕೊಂಡು ಬಂದಿದ್ದೀನಿ, ನೀವು ಸೈನ್ ಹಾಕುದ್ರೆ ಸಾಕು,” ಎಂದು ಹಾಳೆ ಚಾಚಿದಳು. ಗುಣನಡತೆ ತೃಪ್ತಿಕರವಾಗಿಯೇ ಇತ್ತು. ಹಾಳೆಯನ್ನು ಮಗುಚಿ ಪಕ್ಕಕ್ಕಿಟ್ಟೆ. “ಇದು ಬೇಡಮ್ಮ, ಕೂತ್ಕೊ. ನಿನ್ ಬಗ್ಗೆ ನಾನೇ ಬರೀತೀನಿ,” ಅಂದೆ. ಪಕ್ಕದ ಮೇಜಿನ ಮೇಷ್ಟ್ರು ತಲೆಯೆತ್ತಿ ನೋಡಿದರು. ನೋಡಲಿ ಎಂದೇ ನಾನೂ ಸ್ವಲ್ಪ ಗಟ್ಟಿಯಾಗಿ ಹೇಳಿದ್ದೆ. ಹೊಸ ಹಾಳೆ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ದುಂಡಗೆ ‘ಕುಮಾರಿ’ ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಮೂರು ವರ್ಷದಿಂದ ಎರಡನೆಯ ಬೆಂಚಿನಲ್ಲಿ ಕೂರುವ ಹುಡುಗಿ. ದಿನವೂ ನಂಬರು ಹಿಡಿದು ಹಾಜರಿ ಕೂಗುವವನು ನಾನೇ. ಮುಖ ಎತ್ತಿ ಅವಳನ್ನು ನೋಡಿದೆ. ನನ್ನ ಕಷ್ಟ ಅವಳಿಗೆ ಅರ್ಥವಾಯಿತು, ಮೆಲ್ಲಗೆ ನೆರವಿಗೆ ಬಂದಳು.

“ನಲವತ್ತೇಳು, ಸಾ,” ಅಂದಳು.