ತಾರವ್ವನ ಸೆರಗಿನ ಗಿಡುಗ

"ಅಂಗಡಿ ಸೀರಿ ಯಾರು ಬೇಕಾದ್ರೂ ಕೊಡ್ತಾರ. ಈ ಪಾಂಡುರಂಗ ಕೊಡೂದು ಬರೇ ಸೀರಿ ಅಲ್ಲ, ಆಕಿ ಅಂತಃಶಕ್ತಿ! ಸೆರಗಿನೊಳಗ ಇಳಿಸಿ ಕೊಡ್ತೀನಿ!"

ಜಮಖಂಡಿಯ ಡ್ರಾಯಿಂಗ್ ಮಾಸ್ತರ ಪಾಂಡುರಂಗರಾಯರು ಈ ಘೋಷಣೆ ಮಾಡಿದ್ದು ಊಟದ ಮಣೆಯ ಮೇಲೆ, ಭಕ್ರಿ ಹಿಡಿದ ಕೈಯನ್ನೇ ಮೇಲೆತ್ತಿ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಮೂರು ವರ್ಷವಾಗಿತ್ತು. ರಾಯರ ಗತ್ತು ಮಾತ್ರ ಇನ್ನೂ ವಿಲೀನವಾಗಿರಲಿಲ್ಲ. ಆಗುವುದಾದರೂ ಹೇಗೆ? ಮುಂಬಯಿಯ ಡ್ರಾಯಿಂಗ್ ಪರೀಕ್ಷೆಯನ್ನು ಬರೇ ಮೂರನೇ ಸಲಕ್ಕೆ ಪಾಸು ಮಾಡಿದವರು!

ಸಂಗತಿ ಇಷ್ಟೇ. ರಾಯರ ಹೆಂಡತಿ ವತ್ಸಲಾಬಾಯಿಯ ಬಾಲ್ಯದ ಗೆಳತಿ ತಾರವ್ವ ಬನಹಟ್ಟಿಯಲ್ಲಿ ಮಗ್ಗ ನಡೆಸುವ ಹೆಂಗಸು. ಅಲ್ಲಿನ ನೇಕಾರರ ಸಂಘದ ಕಮಿಟಿಗೆ ನಿಂತಿದ್ದಳು. ಮಗ್ಗದ ಲಾಳಿಗೆ ಕಂಡಿಕೆ ಸುತ್ತುವ ಹೆಂಗಸರು ನೂಲಿಗಾಗಿ ದಿನಾ ಸಂಘದ ಕಟ್ಟೆಯ ಮೇಲೆ ಬಿಸಿಲಲ್ಲಿ ಕಾಯಬಾರದು, ನೂಲೇ ಅವರ ಮನೆಗೆ ಬರಬೇಕು ಎಂಬುದು ಅವಳ ಹಟ. ಆ ಕಮಿಟಿಯೊಳಗೆ ಇದುವರೆಗೆ ಹೆಣ್ಣಿನ ನೆರಳೂ ಬಿದ್ದಿರಲಿಲ್ಲ. ಬರುವ ತಿಂಗಳು ಸಭೆ, ಕೈ ಎತ್ತಿಸಿ ಆರಿಸುವುದು. ಎಂಬತ್ತು ಗಂಡಸರ ನಡುವೆ ಎದ್ದು ನಿಲ್ಲುವ ಗೆಳತಿ ಅಂದು ಹೊಸ ಸೀರೆ ಉಟ್ಟಿರಲಿ ಎಂದು ವತ್ಸಲಾಬಾಯಿ ಬಾಯಿ ತಪ್ಪಿ ಗಂಡನೆದುರು ಅಂದಿದ್ದರು.

"ಆಕಿ ಶಕ್ತಿಗೆ ಒಪ್ಪೂ ಹಕ್ಕಿ ಹುಡುಕಬೇಕು" ಎಂದರು ರಾಯರು.

"ನವಿಲು ಹಾಕಸ್ರಿ."

"ನವಿಲು ಎಲ್ಲಾರ ಸೆರಗಿನ್ಯಾಗೂ ಅದ."

"ಗಿಳಿ?"

"ಕಲಿಸಿದ್ದು ಹೇಳೂ ಪಕ್ಷಿ! ತಾರವ್ವ ಯಾರು ಕಲಿಸಿದ್ದು ಕೇಳ್ಯಾಳ?"

"ಹಂಗಾರ ಟಿಟವಿ ಬರೀರಿ. ನೆಲದ ಮ್ಯಾಲ ತತ್ತಿ ಇಟ್ಟು, ಎತ್ತು ಬಂದ್ರೂ ಎದುರು ನಿಂತು ಒದರತದ. ಥೇಟ್ ನಮ್ಮ ತಾರಾನ."

"ಟಿಟವಿ! ಕಲಾ ಅಂದ್ರ ಏನಂತ ತಿಳದೀ ನೀ? ಗಿಡಗ! ಆಕಾಶದ ಅರಸ!"

"ನಮ್ಮ ತಾರಾ ಯಾರ ಕೋಳಿಮರಿ ಕದ್ದಾಳ್ರಿ?" ಎಂದು ವತ್ಸಲಾಬಾಯಿ ಎದ್ದು ಕೈ ತೊಳೆದುಕೊಂಡರು.

ಗಿಡುಗವನ್ನು ಕಣ್ಣಾರೆ ಕಂಡೇ ಬರೆಯಬೇಕೆಂದು ರಾಯರು ಮಾಳಿಗೆ ಏರಿದರು. ಅಲ್ಲಿ ಸಂಡಿಗೆ ಒಣಹಾಕಿತ್ತು. "ಹೆಂಗೂ ಕೂಡ್ತೀರಿ, ಕಾಗಿ ಕಾಯ್ರಿ" ಎಂದು ಹೆಂಡತಿ ಒಂದು ಕೋಲನ್ನೂ ಕೊಟ್ಟಿದ್ದರು. ರಾಯರು ಮೂರು ದಿನ ಆಕಾಶ ನೋಡಿದರು. ಕಾಗೆಗಳು ಮೂರು ದಿನ ಸಂಡಿಗೆ ನೋಡಿದವು. ಕೊನೆಗೆ ಚಿತ್ರ ಪೂರ್ತಿಯಾಯಿತು, ಸಂಡಿಗೆಯೂ ಪೂರ್ತಿಯಾಯಿತು.

ಆದರೆ ಚಿತ್ರ ಚಿತ್ರವೇ! ಸೆರಗಿನ ಅಗಲಕ್ಕೂ ಹರಡಿದ ರೆಕ್ಕೆ, ಉಬ್ಬಿದ ಎದೆ, ಕೆಂಡದಂಥ ಕಣ್ಣು, ಮುಗಿಲಿಗೆ ಎತ್ತಿದ ತಲೆ. ರಾಯರು ಕಾಗದವನ್ನು ಸುರುಳಿ ಸುತ್ತಿ, ಬಸ್ಸು ಹತ್ತಿ, ರಬಕವಿಯ ನೇಕಾರ ಗುರಪ್ಪನ ಮುಂದೆ ಬಿಡಿಸಿ ಹಾಸಿದರು.

ಗುರಪ್ಪ ಕಾಗದವನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ.

"ಮಾಸ್ತರ್ರ, ತಲಿ ಯಾವ ಕಡೆ ಬರಬೇಕ್ರಿ?"

"ಕಾಣಸೂದಿಲ್ಲೇನು? ತಲಿ ಮ್ಯಾಲ. ಸೆರಗಿನ ತುದೀಗೆ."

"ಅಲ್ರಿ, ಆಕಿ ಉಟ್ಟಾಗ ತುದಿ ಅಂದ್ರ…"

"ಗುರಪ್ಪಾ! ನಾ ನಿನಗ ನೇಯೂದು ಕಲಸ್ತೀನೇನು? ನೀ ನನಗ ಚಿತ್ರ ಕಲಸಬ್ಯಾಡ."

ಗುರಪ್ಪ ಕಾಗದವನ್ನು ಸುತ್ತಿಟ್ಟುಕೊಂಡ. ಬರೆದು ಕೊಟ್ಟದ್ದನ್ನು ಎಳೆ ಎಣಿಸಿ ಬಟ್ಟೆಗೆ ಇಳಿಸುವುದು ತನ್ನ ಕೆಲಸ. ಮಾಸ್ತರರನ್ನು ತಿದ್ದುವುದು ಹೆಡ್‌ಮಾಸ್ತರರ ಕೆಲಸ. ಸೀರೆ ಮುಗಿದಾಗ ರಾಯರು ಅದನ್ನು ನೆಲದ ಮೇಲೆ ಹರಡಿಸಿ ನೋಡಿ, ಕಣ್ಣು ಒದ್ದೆ ಮಾಡಿಕೊಂಡು ಮಡಿಸಿ ತಂದರು.

ಸಭೆಯ ದಿನ ಬೆಳಗ್ಗೆ ಗಂಡಹೆಂಡತಿ ಬನಹಟ್ಟಿಗೆ ಹೋದರು. ತಾರವ್ವ ಸೀರೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ಉಟ್ಟು ಬಂದಳು. "ಹೆಂಗ ಕಾಣತೈತಿ?" ಎಂದು ಬೆನ್ನು ತಿರುಗಿಸಿದಳು.

ಕಾಗದದ ತುದಿ ಮೇಲಿರುತ್ತದೆ. ಹೆಗಲ ಮೇಲಿಂದ ಇಳಿಬಿದ್ದ ಸೆರಗಿನ ತುದಿ ಕೆಳಗಿರುತ್ತದೆ! ಆಕಾಶದ ಅರಸನ ಕಾಲು ತಾರವ್ವನ ಹೆಗಲಿನ ಕಡೆಗಿತ್ತು, ಕೊಕ್ಕು ಅವಳ ಹಿಮ್ಮಡಿಯ ಕಡೆಗಿತ್ತು.

"ಏನ್ರೀ ಇದು? ಸಂತ್ಯಾಗ ಕಾಲು ಕಟ್ಟಿ ತೂಗಬಿಟ್ಟ ಕೋಳಿ ಆಗ್ಯದಲ್ಲ!" ಎಂದರು ವತ್ಸಲಾಬಾಯಿ.

ರಾಯರು ಸೊಂಟ ಬಗ್ಗಿಸಿ, ತಲೆ ತಿರುಚಿ ನೋಡಿದರು. "ಸ್ವಲ್ಪ ಬಗ್ಗಿ ನೋಡಿದ್ರ ಛಲೋ ಕಾಣ್ತದ."

"ಎಂಬತ್ತು ಮಂದಿಗೂ ಶೀರ್ಷಾಸನ ಹಾಕಸ್ತೀರೇನು?"

ರಾಯರ ಮುಖ ಇಷ್ಟೇ ಆಯಿತು. ಸಭೆ ನಗಾಡಿತೆಂದರೆ ಯಾರ ಕೈಯೂ ಮೇಲೇಳುವುದಿಲ್ಲ. ಹೆಂಗಸರು ಮತ್ತೆ ಆ ಬಿಸಿಲ ಕಟ್ಟೆಗೇ. "ತಾರವ್ವಾ, ಹಳೇ ಸೀರೀನ ಉಟ್ಟು ಹೋಗವಾ. ತಪ್ಪು ನಂದು" ಎಂದರು ಸಣ್ಣ ದನಿಯಲ್ಲಿ.

ತಾರವ್ವ ಸೆರಗನ್ನು ಮುಂದಕ್ಕೆಳೆದು ನೋಡಿದಳು. ನಕ್ಕಳು.

"ಮಾಸ್ತರ್ರ, ಮ್ಯಾಲ ಹಾರೂ ಗಿಡಗಕ್ಕ ಯಾರ ಅಂಜತಾರ್ರಿ? ತಲಿ ಕೆಳಗ ಮಾಡಿ ಇಳಿಯೂ ಗಿಡಗಕ್ಕ ಅಂಜತಾರ. ಇದ ಇರಲಿ ಬಿಡ್ರಿ."

ಹೋಗಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲೇ ಕುಳಿತಳು. ರಾಯರೂ ವತ್ಸಲಾಬಾಯಿಯೂ ಬಾಗಿಲಲ್ಲೇ ನಿಂತರು. ಹಿಂದೆ ಕುಳಿತ ಎಂಬತ್ತು ಗಂಡಸರಿಗೂ ಎದುರಿಗೆ ಬರೇ ಗಿಡುಗ! ಸಂಘದ ನೂಲಿನ ಕೋಣೆಯ ಬೀಗದ ಕೈ ಇಟ್ಟುಕೊಂಡ ಹಳೆಯ ಮೆಂಬರ ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ.

"ಏನಬೇ ತಾರವ್ವ, ನಿನ್ನ ಹಕ್ಕಿ ಬೀಳಾಕತ್ತೈತಲ್ಲ?"

ತಾರವ್ವ ಹಿಂದಿರುಗಿ ನೋಡಲೂ ಇಲ್ಲ. "ಬೀಳಾಕತ್ತಿಲ್ಲೋ ಯಣ್ಣಾ, ಇಳ್ಯಾಕತ್ತೈತಿ. ಸಂಘದ ನೂಲು ಯಾರ ಬುಡಕ ಅಡಗಿ ಕುಂತೈತಿ ಅಂತ ನೋಡಾಕತ್ತೈತಿ."

ಸಭೆ ಹೋ ಎಂದು ನಕ್ಕಿತು, ಮಲಕಾಜಪ್ಪನ ಕಡೆ ನೋಡಿ. ಕೈ ಎತ್ತಲು ಹೇಳಿದಾಗ ಐವತ್ತಕ್ಕೂ ಹೆಚ್ಚು ಕೈ ಎದ್ದವು. ಮಲಕಾಜಪ್ಪ ತಲೆ ಕೆರೆದುಕೊಳ್ಳಲು ಎತ್ತಿದ ಕೈಯನ್ನೂ ಎಣಿಸಿಬಿಟ್ಟರು.

ಚಹಾದ ಹೊತ್ತಿಗೆ ಜನ ರಾಯರನ್ನು ಮುತ್ತಿದರು. "ಏನ ವಿಚಾರ ಮಾಡೀರ್ರಿ ಮಾಸ್ತರ್ರ! ಎರಗೂ ಗಿಡಗ!"

ಬೆಳಗಿನ ಸಣ್ಣ ದನಿ ಎಲ್ಲಿಗೆ ಹೋಯಿತೋ! ರಾಯರ ಎದೆ ಚಿತ್ರದ ಗಿಡುಗಕ್ಕಿಂತ ಒಂದು ಗೇಣು ಹೆಚ್ಚೇ ಉಬ್ಬಿತು. "ಕಲಾವಿದ ಸುಮ್ಮಸುಮ್ಮನ ತಲಿ ಕೆಳಗ ಮಾಡ್ತಾನೇನು? ಬ್ಯಾಟಿ ಹಿಡಿಯೂ ಕ್ಷಣಾನ ಬರೀಬೇಕಂತ ಮೊದಲೇ ಗಟ್ಟಿ ಮಾಡಿದ್ದೆ."

ಅಷ್ಟರಲ್ಲಿ ಗುಂಪು ಸೀಳಿಕೊಂಡು, ಕಂಕುಳಲ್ಲಿ ಒಂದು ಗಂಟು ಹಿಡಿದು, ಪಕ್ಕದ ರಬಕವಿಯಿಂದ ಗುರಪ್ಪ ಬಂದ.

"ಮಾಸ್ತರ್ರ, ಮಗ್ಗಕ್ಕ ಒಂದ ಹಾಸ ಹೂಡಿದ್ರ ಎರಡ ಸೀರಿ ಬರತಾವ್ರಿ. ಮೊದಲನೇದು ನೀವು ಹೇಳಿದಂಗ ನೇಯ್ದೆ. ಎರಡನೇದ್ರಾಗ ನಿಮ್ಮ ತಪ್ಪ ತಿದ್ದೇನ್ರಿ. ತಗೋರಿ, ಈಗ ತಲಿ ಬರೋಬ್ಬರಿ ಮ್ಯಾಲ ಬಂದೈತಿ!"

ರಾಯರು ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ವತ್ಸಲಾಬಾಯಿ ಗಂಟು ಬಿಚ್ಚಿ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡರು. ಗಿಡುಗ ನೇರ ಮುಗಿಲಿಗೆ ಹೊರಟಿತ್ತು.

"ಇದು ನನಗಿರಲಿ ಗುರಪ್ಪಾ."

"ಯಾಕ ವತ್ಸಿ, ನಿನಗ ನನ್ನಂಗ ಇಳಿಯೂ ಗಿಡಗ ಬ್ಯಾಡೇನ?" ಎಂದಳು ತಾರವ್ವ.

ವತ್ಸಲಾಬಾಯಿ ಗಂಡನನ್ನು ಟೊಪ್ಪಿಗೆಯಿಂದ ಚಪ್ಪಲಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದರು.

"ನಮ್ಮನ್ಯಾಗ ಇಳದು ಬಂದು ಹಿಡಿಯೂವಂಥಾ ಬ್ಯಾಟಿ ಎಲ್ಲದ ತಾರಾ? ನಂದು ಮ್ಯಾಲೇನ ಹಾರಲಿ!"