ಕಾರಿನ ಬಣ್ಣಕ್ಕೆ ಇನ್ಶೂರೆನ್ಸ್ ಉಂಟಾ?

ಕುಂಬಳೆಯ ನಮ್ಮ ಇನ್ಶೂರೆನ್ಸ್ ಆಫೀಸಿಗೆ ಕಾರು ಗುದ್ದಿತು ಎಂದು ಬರುವವರಿಗಿಂತ ಕಾರಿನ ಬಣ್ಣ ಹೋಯಿತು ಎಂದು ಬರುವವರೇ ಹೆಚ್ಚು. ಒಂದು ಕಡೆ ಸಮುದ್ರದ ಉಪ್ಪುಗಾಳಿ, ಇನ್ನೊಂದು ಕಡೆ ಹೈವೇ ಕೆಲಸದ ಧೂಳು, ಮೇಲಿನಿಂದ ಕಾಗೆ. ಒಬ್ಬರನ್ನು ಕಳಿಸಿ ನೀರು ಕುಡಿಯುವಷ್ಟರಲ್ಲಿ ಇನ್ನೊಬ್ಬರು ಮೊಬೈಲಿನಲ್ಲಿ ಬಾನೆಟ್ಟಿನ ಫೋಟೋ ಹಿಡಿದು ನಿಂತಿರುತ್ತಾರೆ.

ನಿಯಮವೇನೋ ಸುಲಭ. ಒಮ್ಮೆಲೇ ಏನಾದರೂ ಬಿದ್ದು ಹಾಳಾದರೆ ಕ್ಲೇಮ್ ಉಂಟು. ಬಿಸಿಲು, ಉಪ್ಪು, ಹಕ್ಕಿಯ ಹಿಕ್ಕೆ, ಮರದ ಅಂಟು ನಿಧಾನಕ್ಕೆ ಬಣ್ಣ ತಿಂದರೆ ಇಲ್ಲ. ಕಷ್ಟ ಇರುವುದು ನನ್ನಲ್ಲಿ. ಇಂಗ್ಲಿಷಿನಲ್ಲಾದರೆ ‘ನಾಟ್ ಕವರ್ಡ್’ ಎಂದು ಸಲೀಸಾಗಿ ಬರುತ್ತದೆ. ಕನ್ನಡದಲ್ಲಿ ಹಿರಿಯರ ಮುಖ ನೋಡಿ ‘ಇಲ್ಲ’ ಎನ್ನಲು ನಾಲಗೆ ಏಳುವುದಿಲ್ಲ. ‘ನೋಡುವ’ ಎಂದುಬಿಡುತ್ತೇನೆ. ನಮ್ಮ ಸರ್ ನಾನು ಸೇರಿದ ವಾರವೇ ಎಚ್ಚರಿಸಿದ್ದರು: “ಈ ತಿಂಗಳೊಳಗೆ ನಿನ್ನ ಬಾಯಿಂದ ಒಂದು ‘ಇಲ್ಲ’ ಬರಬೇಕು. ಬಾರದಿದ್ದರೆ ಕೌಂಟರಿಗೆ ಬೇರೆ ಜನ ನೋಡ್ತೇನೆ.” ಅಂದಿನಿಂದ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದಿಲ್ಲ. ಬಾಗಿಲು ಕಿರ್ ಎಂದರೆ ಸಾಕು, ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು.

ಕಾಗೆ

ಮೊದಲು ಬಂದವರು ಒಬ್ಬರು ರಿಟಾಯರ್ಡ್ ಮಾಷ್ಟ್ರು. ಅವರ ಕಾರು ನಿಲ್ಲುವುದು ಮಾವಿನ ಮರದಡಿ. ಕಾಗೆ ಹಿಕ್ಕೆ ಹಾಕಿ ಹಾಕಿ ಬಾನೆಟ್ಟಿನ ಬಣ್ಣ ಎದ್ದಿತ್ತು.

“ಕ್ಲೇಮ್ ಸಿಗ್ತದಾ ಮಗಳೇ?”

“ನೋಡುವ ಮಾಷ್ಟ್ರೇ.”

“ಹಾಳಾದದ್ದು ನೋಡಲು ಸರ್ವೇಯರ್ ಬಂದರೆ ಎಂತ ತೋರಿಸ್ಬೇಕು?”

ಏನಾದರೂ ಹೇಳಬೇಕಲ್ಲ. “ಈಗ ಎಲ್ಲ ಹೇಗುಂಟೋ ಹಾಗೇ ಇರಲಿ,” ಎಂದೆ.

ಮರುವಾರ ಅವರ ಫೋನ್ ಬಂತು. “ಮಗಳೇ, ಕಾರು ತೊಳೆಯಲಿಲ್ಲ. ಕಾಗೆಯೂ ಇಲ್ಲೇ ಉಂಟು. ಬೇರೆ ಕಡೆ ಹೋಗದ ಹಾಗೆ ದಿನಾ ಬೆಳಿಗ್ಗೆ ಒಂದು ನೀರುದೋಸೆ ಹಾಕ್ತಾ ಇದ್ದೇನೆ.”

ಅದಕ್ಕೂ ನಾನು ‘ನೋಡುವ’ ಎಂದೆ.

ಹಲಸು

ಮೀಂಜ ಕಡೆಯ ಒಬ್ಬರು ಅಕ್ಕ ಬಂದರು. ಕಾರಿನ ತಲೆಯ ಮೇಲೆ ಹಲಸಿನ ಹಣ್ಣು ಬಿದ್ದು ತಗಡು ತಗ್ಗಾಗಿ ಬಣ್ಣ ಕಿತ್ತುಹೋಗಿದೆಯಂತೆ. ಒಮ್ಮೆಲೇ ಬಿದ್ದದ್ದು! ಅವರು ಕೂರುವ ಮೊದಲೇ “ಉಂಟು, ಉಂಟು,” ಎಂದೆ. ಆ ತಿಂಗಳಲ್ಲಿ ನಾನು ಸಂತೋಷದಿಂದ ಮಾತಾಡಿದ್ದು ಅದೊಂದೇ ಸಲ.

ಮರುದಿನ ಸರ್ವೇಯರ್ ಜೊತೆ ನಾನೂ ಹೋದೆ. ತಗ್ಗು ಇತ್ತು, ಹಲಸು ಇರಲಿಲ್ಲ.

“ಬಿದ್ದ ಹಣ್ಣು ಎಲ್ಲಿ?” ಎಂದರು ಸರ್ವೇಯರ್.

“ಹಣ್ಣಾದದ್ದನ್ನು ಎಷ್ಟು ದಿನ ಇಡುವುದು? ಅಕ್ಕಿಯ ಜೊತೆ ಅರೆದು ಗಟ್ಟಿ ಮಾಡಿದೆವು,” ಎನ್ನುತ್ತಾ ಅಕ್ಕ ಒಳಗಿನಿಂದ ಬಾಳೆಲೆಯಲ್ಲಿ ಬೇಯಿಸಿದ ಗಟ್ಟಿಯನ್ನೇ ತಂದಿಟ್ಟರು.

ಸರ್ವೇಯರ್ ಎರಡು ತಿಂದು, ಕೈ ತೊಳೆದು ಹೇಳಿದರು: “ಹಲಸೇ ಹೌದು.”

ಕುಂಕುಮ

ತಿಂಗಳು ಮುಗಿಯುತ್ತ ಬಂತು. ‘ಇಲ್ಲ’ ಮಾತ್ರ ಬಂದಿರಲಿಲ್ಲ.

ಆ ತಿಂಗಳೇ ನಮ್ಮ ಸರ್ ಹೊಸ ಬಿಳಿ ಕಾರಿಗೆ ಮಧೂರಿನಲ್ಲಿ ಪೂಜೆ ಮಾಡಿಸಿದ್ದರು. ಭಟ್ಟರು ಬಾನೆಟ್ಟಿನ ಮೇಲೆ ಕುಂಕುಮದಲ್ಲಿ ದೊಡ್ಡ ಸ್ವಸ್ತಿಕ ಬರೆದರು. ಪ್ರಸಾದವನ್ನು ಒರೆಸಬಾರದು, ತನ್ನಷ್ಟಕ್ಕೆ ಹೋಗಬೇಕು ಎಂದು ಸರ್ ಅವರ ಅಮ್ಮ ಹೇಳಿದರು. ಆಫೀಸಿನ ಎದುರಿನ ಸುಡು ಬಿಸಿಲಿನಲ್ಲಿ ಅದು ದಿನಾ ಬೆಂದಿತು. ಕೊನೆಗೆ ಮಳೆ ಬಂದು ಕುಂಕುಮ ಹೋಯಿತು, ಸ್ವಸ್ತಿಕ ಹೋಗಲಿಲ್ಲ.

ಸರ್ ಒಳಗೆ ಬಂದವರು ಕೂರಲಿಲ್ಲ. “ಒಂದು ಕ್ಲೇಮ್ ಹಾಕು. ಎಂತದೋ ಮೇಲಿನಿಂದ ಬಿದ್ದು ಬಣ್ಣ ಹೋಯಿತು ಅಂತ.”

“ಎಂತ ಬಿತ್ತು ಸರ್?”

“ಎಂತಾದ್ರೂ ಬಿತ್ತು ಮಾರಾಯ್ತಿ.”

ನಾನು ಗಾಜಿನಾಚೆ ನೋಡಿದೆ. ನಾಲ್ಕು ಕೈ, ನಡುವೆ ನಾಲ್ಕು ಚುಕ್ಕೆ. ಇಷ್ಟು ನೀಟಾಗಿ ಏನು ಬೀಳುತ್ತದೆ? ಪೆನ್ನಿನ ಮುಚ್ಚಳ ಕೈಯಿಂದ ಜಾರಿ ಮೇಜಿನಡಿ ಹೋಯಿತು. ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

“ಇಲ್ಲ ಸರ್. ಅದು ನಿಧಾನಕ್ಕೆ ಆದದ್ದು. ಕ್ಲೇಮ್ ಸಿಗುವುದಿಲ್ಲ.”

ಸರ್ ನನ್ನನ್ನು ನೋಡಿದರು, ಕಾರನ್ನು ನೋಡಿದರು. “ಕಲಿತದ್ದನ್ನು ನನ್ನ ಮೇಲೆಯೇ ತೋರಿಸಬೇಕಿತ್ತಾ? ಆಯಿತು, ಕೌಂಟರಿನಲ್ಲಿ ನೀನೇ ಇರು.”

ಆಗ ಮೂಲೆಯ ಬೆಂಚಿನಿಂದ ಒಂದು ಕೆಮ್ಮು ಕೇಳಿತು. ಸರ್ವೇಯರ್ ಯಾವಾಗ ಬರುತ್ತಾರೆಂದು ವಿಚಾರಿಸಲು ಬಂದ ಮಾಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಹಾಗಾದರೆ ನನ್ನದು ಮಗಳೇ?”

“ನಿಮ್ಮದೂ ಇಲ್ಲ ಮಾಷ್ಟ್ರೇ.” ಎರಡನೆಯದು ಸುಲಭವಾಗಿ ಬಂತು.

ಮಾಷ್ಟ್ರು ಎದ್ದು ಕೊಡೆ ತೆಗೆದುಕೊಂಡರು. “ಮೊದಲೇ ಹೇಳಬಾರದಿತ್ತಾ? ಆಗ ಒಂದೇ ಕಾಗೆ ಇತ್ತು. ಈಗ ದೋಸೆಗೆ ಊರಿನ ಕಾಗೆಗಳೆಲ್ಲ ಬರ್ತವೆ. ನಾಳೆ ಬೆಳಿಗ್ಗೆ ಮನೆಗೆ ಬಾ. ಅವಕ್ಕೂ ನೀನೇ ‘ಇಲ್ಲ’ ಹೇಳು.”